ನಡಾವಳಿಯಲ್ಲಿ ಬಂತಾ?

ಬೆಂಗಳೂರಿನ ಬೀದಿಗಳಲ್ಲಿ ಜನರನ್ನು ಸೇರಿಸಿ, ವಾರ್ಡ್‌ನ ಕೆಲಸಗಳನ್ನು ಚರ್ಚಿಸುವ ವಾರ್ಡ್ ಕಮಿಟಿಯ ಸಭೆಗೆ ಕರೆದೊಯ್ಯುವುದು ನನ್ನ ಕೆಲಸ. ಹೊಸದಾಗಿ ಸೇರಿದ ಹುಡುಗರು ಮೊದಲು ಕೇಳುವುದು, "ಎಷ್ಟು ಜನ ಬರಬೇಕು?" ಅಂತ. ಅದಕ್ಕಿಂತ ಮುಖ್ಯ, ನಡಾವಳಿ, ಅಂದರೆ ಸಭೆಯಲ್ಲಿ ಆದ ಮಾತು-ತೀರ್ಮಾನಗಳ ಲಿಖಿತ ದಾಖಲೆ, ಬರೆಯುವವರು ಯಾರು ಅನ್ನುವುದು.

ಸಭೆಯಲ್ಲಿ ಕೂಗಾಟ ಆಗುತ್ತದೆ. ಇಂಜಿನಿಯರ್ "ಮಾಡಿಸ್ತೀವಿ" ಅನ್ನುತ್ತಾರೆ. ಟೀ ಕುಡಿದು ಎಲ್ಲರೂ ಏಳುತ್ತಾರೆ. ಮುಂದಿನ ತಿಂಗಳು ಮತ್ತೆ ಅದೇ. ಒಬ್ಬ ಇಂಜಿನಿಯರ್ ನನಗೆ ನೇರವಾಗಿ ಹೇಳಿದ್ದರು: "ಮೇಡಂ, ಬಾಯಲ್ಲಿ ಹೇಳಿದ್ದಕ್ಕೆ ಎಸ್ಟಿಮೇಟ್ ಹಾಕೋಕಾಗಲ್ಲ." ಅದು ಸುಮ್ನೆ ನೆಪವಲ್ಲ. ಎಸ್ಟಿಮೇಟ್ ಆಗಬೇಕು, ಕಾಮಗಾರಿಗೆ ಗುರುತಿನ ಜಾಬ್ ನಂಬರ್ ಬೀಳಬೇಕು, ಆಮೇಲೆ ಟೆಂಡರ್.

"ಚರಂಡಿ ಸರಿಯಿಲ್ಲ" ಅಂದರೂ ಸಾಲದು. ರಸ್ತೆ ಪಕ್ಕದ ಮೋರಿ ವಾರ್ಡ್ ಇಂಜಿನಿಯರ್ ಪಾಲಿಗೆ, ರಾಜಕಾಲುವೆಗೆ ಬೇರೆ ವಿಭಾಗ, ಮ್ಯಾನ್‌ಹೋಲ್ ಜಲಮಂಡಳಿಗೆ. ಬೀದಿದೀಪದ ಕಥೆ ಇನ್ನೂ ಚೆಂದ: ಎಷ್ಟೋ ಕಡೆ ಕಂಬ ಬೆಸ್ಕಾಂನದು, ದೀಪ ಪಾಲಿಕೆಯದು! ಅದಕ್ಕೇ ಸಭೆಗೆ ಮುಂಚೆ ಒಂದು ಸಂಜೆ ಅಲ್ಲಿನ ಹೆಂಗಸರ ಜೊತೆ ಬೀದಿ ಸುತ್ತುತ್ತೇವೆ. ಕತ್ತಲಲ್ಲಿ ಕೆಲಸಕ್ಕೆ ಹೊರಡುವವರಿಗೆ ಯಾವ ದೀಪ ಉರಿಯಲ್ಲ ಅನ್ನುವುದು ಚೆನ್ನಾಗಿ ಗೊತ್ತು. ಕ್ರಾಸ್, ಕಂಬದ ನಂಬರ್, ಫೋಟೊ ಎಲ್ಲ ಹಾಳೆಗೆ ಏರುತ್ತವೆ. ಸಭೆಯಲ್ಲಿ ಆ ಹಾಳೆ ಕೊಟ್ಟು, ಯಾವ ಅಧಿಕಾರಿ, ಯಾವ ತಾರೀಖಿನೊಳಗೆ ಅಂತ ನಡಾವಳಿಯಲ್ಲಿ ಬರೆಸುತ್ತೇವೆ. ನಡಾವಳಿಯ ಪ್ರತಿ ಕೊಡದಿದ್ದರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಇದೆಯಲ್ಲ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು.

ಕಾನೂನು ಕಾಗದದಲ್ಲಿ ಚೆನ್ನಾಗಿಯೇ ಇತ್ತು. ನಗರಗಳಲ್ಲಿ ವಾರ್ಡ್ ಕಮಿಟಿ ಇರಬೇಕು ಅಂದ ಸಂವಿಧಾನದ 74ನೇ ತಿದ್ದುಪಡಿ 1992ರದ್ದು, ನಮ್ಮ ರಾಜ್ಯದಲ್ಲಿ ವಾರ್ಡ್ ಕಮಿಟಿ ನಿಯಮಗಳು ಬಂದದ್ದು 2016ರಲ್ಲಿ. ಹತ್ತು ನಾಮನಿರ್ದೇಶಿತ ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು. ಆದರೆ ಶನಿವಾರ ಬೆಳಗ್ಗೆ ಸಭೆ ಇಟ್ಟರೆ ಮನೆಕೆಲಸದವರು ಹೇಗೆ ಬರುತ್ತಾರೆ? ಬಂದವರು ಅಪಾರ್ಟ್‌ಮೆಂಟ್‌ನ ನಿವೃತ್ತರು, ಮಾತು ಪಾರ್ಕಿಂಗ್‌ನದು. ನನ್ನ ಪ್ರಕಾರ ಮೀಸಲಾತಿಯಷ್ಟೇ ದೊಡ್ಡ ವಿಷಯ ಸಭೆಯ ಹೊತ್ತು. ಬರಲಾಗದವರು ಸಹಿ ಹಾಕಿದ ಚೀಟಿಯನ್ನು ಅಜೆಂಡಾಕ್ಕೆ ಸೇರಿಸಿ ಅಂತ ಹಠ ಹಿಡಿಯುತ್ತೇವೆ.

2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಕಾರ್ಪೊರೇಟರ್‌ಗಳಿಲ್ಲದೆ ವರ್ಷಗಳು ಕಳೆದವು. ವಾರ್ಡ್ ನೋಡಿಕೊಳ್ಳಲು ನೇಮಿಸಿದ ನೋಡಲ್ ಅಧಿಕಾರಿಗಳು ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು. ಹೊಸಬರಿಗೆ ಹಿಂದಿನ ಮಾತು ಗೊತ್ತಿರುತ್ತಿರಲಿಲ್ಲ, ನಡಾವಳಿ ತೋರಿಸಿದರೆ ಮಾತ್ರ ಮಾತು ಮುಂದುವರಿಯುತ್ತಿತ್ತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, 198 ವಾರ್ಡ್‌ಗಳ ಜಾಗದಲ್ಲಿ 369. ಒಂದೇ ಹಳೆ ವಾರ್ಡ್‌ನ ಬೀದಿಗಳು ಬೇರೆ ಬೇರೆ ವಾರ್ಡ್‌ಗೆ ಹಂಚಿಹೋಗಿವೆ. ಬಾಕಿ ಉಳಿದ ಕಾಮಗಾರಿಗಳನ್ನು ಹಳೆ ನಡಾವಳಿಗಳಿಂದ ಹೆಕ್ಕಿ, ಹೊಸ ವಾರ್ಡ್ ಪ್ರಕಾರ ವಿಂಗಡಿಸುವ ಕೆಲಸ ನಮ್ಮ ತಲೆಗೆ ಬಂದಿದೆ.