ಕಾಯಿಲೆಯ ಹೆಸರು ಮಗುವಿನ ಕಸ್ಟಡಿಯನ್ನು ತೀರ್ಮಾನಿಸುವುದಿಲ್ಲ

ನಾನು ಮೈಸೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲೆ. ಬೇರೆಯಾಗಿ ಬದುಕುತ್ತಿರುವ ದಂಪತಿಯಲ್ಲಿ ಒಬ್ಬರು ಮಗುವಿನ ಕಸ್ಟಡಿ ಕೇಳಿ ಬಂದಾಗ, ಇನ್ನೊಬ್ಬರಿಗೆ ಮಾನಸಿಕ ಕಾಯಿಲೆ ಇದ್ದರೆ, ಆಸ್ಪತ್ರೆಯ ಹಳೆಯ ಚೀಟಿಗಳನ್ನೇ ಮೊದಲು ಮೇಜಿನ ಮೇಲೆ ಇಡುತ್ತಾರೆ. ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಎಂದು ಬರೆದಿರುವ ಒಂದು ಹಾಳೆ ಸಿಕ್ಕರೆ ಕೇಸು ಗೆದ್ದಂತೆಯೇ ಎಂಬ ನಂಬಿಕೆ ಕಕ್ಷಿದಾರರಲ್ಲಿ ಮಾತ್ರವಲ್ಲ, ಕೆಲವು ವಕೀಲರಲ್ಲಿಯೂ ಇದೆ.

ಕಾನೂನು ಹಾಗೆ ಹೇಳುವುದಿಲ್ಲ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ 13ನೇ ಕಲಮಿನ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಂ, ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಸ್ವಸ್ಥಚಿತ್ತರೆಂದು ಎಣಿಸಬಾರದು, ಅದನ್ನು ಸಕ್ಷಮ ನ್ಯಾಯಾಲಯವೇ ಘೋಷಿಸಬೇಕು ಎನ್ನುತ್ತದೆ. ಕಾಯಿಲೆ ಇದೆ ಎಂದು ಹಾಜರುಪಡಿಸಿದ ಪುರಾವೆಯನ್ನು ಎದುರು ಪಕ್ಷ ಪ್ರಶ್ನಿಸಿದರೆ, ಅದೇ ಕಾಯ್ದೆಯ 105ನೇ ಕಲಮಿನಂತೆ ಅದು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬೇಕು. ಆಸ್ಪತ್ರೆಗೆ ದಾಖಲಾದ ತಾಯಿಯಿಂದಲೂ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು ಇದೇ ಕಾಯ್ದೆಯ 21ನೇ ಕಲಂ ಹೇಳುತ್ತದೆ.

ನಾನು ತಾಯಿಯ ಪರವಾಗಿ ನಡೆಸಿದ ಒಂದು ಪ್ರಕರಣದಿಂದ, ಗುರುತು ಸಿಗದಂತೆ ವಿವರ ಬದಲಿಸಿ, ಇದನ್ನು ಹೇಳುತ್ತೇನೆ. ಆಕೆಗೆ ಬೈಪೋಲಾರ್, ಅಂದರೆ ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊರಳುವ ಕಾಯಿಲೆಯಿತ್ತು. ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ತವರಿನವರ ಜೊತೆ ಇದ್ದರು. ಮಗಳು ಮೈಸೂರಿನಲ್ಲಿ ತಂದೆಯ ಬಳಿ ಶಾಲೆಗೆ ಹೋಗುತ್ತಿದ್ದಳು. ತಂದೆಯ ಅರ್ಜಿಯಲ್ಲಿ ‘ಹುಚ್ಚು’ ಎಂಬ ಮಾತು ಪುಟಪುಟಕ್ಕೂ ಬಂದಿತ್ತೇ ಹೊರತು, ಮಗುವಿಗೆ ಯಾವಾಗ ಏನು ತೊಂದರೆಯಾಯಿತು ಎಂಬುದು ಒಂದು ಸಾಲಿನಲ್ಲಿಯೂ ಇರಲಿಲ್ಲ. ನಾನು ತವರಿನವರನ್ನು ಕೇಳಿದ್ದು ಬೇರೆಯೇ ಪ್ರಶ್ನೆಗಳನ್ನು: ಈ ಕಾಯಿಲೆಯ ಔಷಧಿಯಾದ ಲಿಥಿಯಂ ಮಾತ್ರೆಯನ್ನು ಕೈಗೆ ಕೊಡುವವರು ಯಾರು, ರಕ್ತದಲ್ಲಿ ಅದರ ಪ್ರಮಾಣ ತಿಳಿಯುವ ಪರೀಕ್ಷೆ ಕಳೆದ ಬಾರಿ ಯಾವಾಗ ಆಯಿತು, ಕಾಯಿಲೆ ಮರುಕಳಿಸುವ ಮುನ್ನ ಮನೆಯವರಿಗೆ ಏನು ಕಾಣಿಸುತ್ತದೆ. ಮಗುವಿನ ಅಜ್ಜಿ ಸ್ವಲ್ಪವೂ ತಡವರಿಸದೆ ಹೇಳಿದರು: “ರಾತ್ರಿಯೆಲ್ಲ ನಿದ್ದೆ ಮಾಡ್ದೆ ಅಟ್ಟದ್ ಪಾತ್ರೆ ಇಳ್ಸಿ, ಬೆಳಗಾಗೋಗಂಟ ತೊಳೀತಾ ಕೂತ್ರೆ ನಮ್ಗೆ ಗೊತ್ತಾಯ್ತದೆ ಮೇಡಂ.”

ವೈದ್ಯರ ಪತ್ರದ ಜೊತೆಗೆ ಆ ಮಾತೇ ನಮ್ಮ ಜಂಟಿ ಮೆಮೊದ, ಅಂದರೆ ಎರಡೂ ಕಡೆಯವರು ಒಪ್ಪಿ ನ್ಯಾಯಾಲಯಕ್ಕೆ ಕೊಡುವ ಒಪ್ಪಂದ ಪತ್ರದ, ಆಧಾರವಾಯಿತು. ಶಾಲೆಯ ದಿನಗಳಲ್ಲಿ ಮಗು ತಂದೆಯ ಬಳಿ. ಎರಡು ವಾರಕ್ಕೊಂದು ಭಾನುವಾರ ಅಜ್ಜಿಯ ಮನೆಯಲ್ಲಿ ತಾಯಿಯೊಂದಿಗೆ. ತಾಯಿಯ ನಿದ್ದೆ ಕೆಟ್ಟ ಲಕ್ಷಣ ಕಂಡರೆ ಅಜ್ಜಿಯೇ ತಂದೆಗೆ ಫೋನ್ ಮಾಡಬೇಕು. ಆಗ ಭೇಟಿ ತಾತ್ಕಾಲಿಕವಾಗಿ ನಿಲ್ಲುತ್ತದೆಯೇ ವಿನಾ ರದ್ದಾಗುವುದಿಲ್ಲ, ತಾಯಿ ಮಾತನಾಡುವಷ್ಟು ಹುಷಾರಿದ್ದರೆ ಫೋನಿನ ಮಾತೂ ತಪ್ಪುವುದಿಲ್ಲ. “ಅಮ್ಮ ಊರಿಗೆ ಹೋಗಿದ್ದಾಳೆ” ಎಂದು ಮಗುವಿಗೆ ಸುಳ್ಳು ಹೇಳದೆ, ಅಮ್ಮನಿಗೆ ಹುಷಾರಿಲ್ಲ, ಅದಕ್ಕೆ ನೀನು ಕಾರಣವಲ್ಲ ಎಂದು ತಿಳಿಸಬೇಕೆಂದೂ ಬರೆಸಿದೆವು. ನನ್ನ ಮಟ್ಟಿಗೆ ಇದು ಅತಿ ಮುಖ್ಯವಾದ ಸಾಲು, ಏಕೆಂದರೆ ಕಾರಣ ತಿಳಿಯದ ಮಕ್ಕಳು ತಪ್ಪನ್ನು ತಮ್ಮ ತಲೆಯ ಮೇಲೆಯೇ ಹಾಕಿಕೊಳ್ಳುತ್ತಾರೆ.

ಎಲ್ಲ ಪ್ರಕರಣಗಳೂ ಹೀಗೆ ಇತ್ಯರ್ಥವಾಗುವುದಿಲ್ಲ. ಕಾಯಿಲೆಯಿಂದ ಹುಟ್ಟಿದ ತಾಯಿಯ ಅಥವಾ ತಂದೆಯ ಭ್ರಮೆ ಮಗುವಿನ ಕುರಿತೇ ಆಗಿದ್ದರೆ, ಚಿಕಿತ್ಸೆ ಬಿಟ್ಟು ಮಗುವಿನ ಊಟ ಉಪಚಾರ ತಪ್ಪಿದ್ದರೆ, ಆ ಘಟನೆಯನ್ನು ದಿನಾಂಕ ಸಹಿತ ನ್ಯಾಯಾಲಯದ ಮುಂದಿಟ್ಟು, ಮೂರನೆಯವರ ಸಮಕ್ಷಮದಲ್ಲಿ ಮಾತ್ರ ಭೇಟಿ ಎಂಬ ಆದೇಶವನ್ನು ಕೇಳಲೇಬೇಕು. ತಜ್ಞರ ನೆರವು ಪಡೆಯಲು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಕಲಂ ಅವಕಾಶ ಕೊಡುತ್ತದೆ. ಅದನ್ನು ನಾವು ಬಳಸುವುದು ತೀರ ಕಡಿಮೆ.

ಆ ತಾಯಿಯ ಪ್ರಕರಣದ ಮೆಮೊದಲ್ಲಿ ಹೆಚ್ಚು ಚರ್ಚೆಯಾದದ್ದು, ಆಕೆ ಹುಷಾರಿದ್ದಾರೆ ಎಂಬ ವೈದ್ಯರ ಸರ್ಟಿಫಿಕೇಟಿನ ವಿಷಯ. ಪ್ರತಿ ಭೇಟಿಗೂ ಅದನ್ನು ತರಬೇಕೆಂದು ತಂದೆಯ ಕಡೆಯವರು ಪಟ್ಟು ಹಿಡಿದರು. ಪ್ರತಿ ಸಲವೂ ಹೊರರೋಗಿಗಳ ಸಾಲಿನಲ್ಲಿ ನಿಲ್ಲಬೇಕಾದ ತಾಯಿ ಕ್ರಮೇಣ ಭೇಟಿಯನ್ನೇ ಕೈಬಿಡುತ್ತಾರೆ ಎಂದು ವಿವರಿಸಿದ ಮೇಲೆ, ಕಾಯಿಲೆ ಮರುಕಳಿಸಿ ಭೇಟಿ ನಿಂತಿದ್ದಾಗ ಮಾತ್ರ, ಅದನ್ನು ಪುನಃ ಆರಂಭಿಸುವ ಮುನ್ನ ಒಂದು ಪತ್ರ ಸಾಕೆಂದು ಅವರೂ ಒಪ್ಪಿ ಸಹಿ ಹಾಕಿದರು.