ಬೈತಖೋಲದ ಧಕ್ಕೆಯಲ್ಲಿ ಕಲಿತ ಇಂಗ್ಲಿಷು

ನಮ್ಮ ಕಾಲದ ಪರೀಕ್ಷಾ ಗೈಡುಗಳ ಕೊನೆಯಲ್ಲಿ ಈಡಿಯಮ್ಸ್ ಆಂಡ್ ಫ್ರೇಸಸ್ ಎಂದು ನಾಲ್ಕೈದು ಪುಟ ಇರುತ್ತಿದ್ದವು. ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ. ಮಾರ್ಚ್ ಬಂತೆಂದರೆ ಕಾರವಾರದ ಸೆಕೆಯಲ್ಲಿ ಬೆವರೊರೆಸಿಕೊಳ್ಳುತ್ತ ಅದನ್ನು ಮಗ್ಗಿಯ ಹಾಗೆ ಉರು ಹೊಡೆಯುವುದು ವಾಡಿಕೆ. ನಮ್ಮ ಇಂಗ್ಲಿಷ್ ಸರ್‌ಗೆ ಮಾತ್ರ ಆ ಪುಟಗಳನ್ನು ಕಂಡರೆ ಆಗುತ್ತಿರಲಿಲ್ಲ. ಅವರ ಕ್ಲಾಸಿನಲ್ಲಿ ಬರೀ ಅರ್ಥ ಹೇಳಿದರೆ ಅಂಕ ಇಲ್ಲ. ಆ ಮಾತನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಆಡುತ್ತಾರೆ ಎಂದು ಹೇಳಬೇಕು.

ಫ್ರೇಸಲ್ ವರ್ಬ್ ಶುರು ಮಾಡಿದ ದಿನ ಬೋರ್ಡಿನ ಮೇಲೆ ಅವರು ಬರೆದದ್ದು ಪುಟ್ ಎಂಬ ಒಂದೇ ಶಬ್ದ. ಪುಟ್ ಆಫ್ ಎಂದರೆ ಮುಂದೂಡುವುದು, ಪುಟ್ ಔಟ್ ಎಂದರೆ ಬೆಂಕಿ ಆರಿಸುವುದು, ಪುಟ್ ಅಪ್ ವಿತ್ ಎಂದರೆ ಸಹಿಸಿಕೊಳ್ಳುವುದು. ಪುಟ್ ಎಂದರೆ ಇಡು ಎಂದಷ್ಟೇ ಹಿಡಿದುಕೊಂಡವರಿಗೆ ಮೂರೂ ದಕ್ಕುವುದಿಲ್ಲ. ನಾವು ಮುಖ ಮುಖ ನೋಡಿಕೊಂಡೆವು. ಸರ್ ಕನ್ನಡಕ್ಕೆ ಬಂದರು. ‘ಬಿಡು’ ಗೊತ್ತು, ‘ಕೊಡು’ ಗೊತ್ತು; ‘ಬಿಟ್ಟುಕೊಡು’ ಎಂದಾಗ ಎರಡರ ಲೆಕ್ಕವೂ ಬೇರೆಯಾಗುತ್ತದಲ್ಲ? ಬೋಟಿನ ಎಂಜಿನ್ ಕೈಕೊಟ್ಟಿತು ಎಂದಾಗ ಯಾರ ಕೈಯೂ ಯಾರಿಗೂ ಸಿಕ್ಕಿರುವುದಿಲ್ಲ. ಎಂಜಿನ್ ಕೈಕೊಟ್ಟರೆ ಬ್ರೇಕ್ ಡೌನ್, ಗೆಳೆಯ ಕೈಕೊಟ್ಟರೆ ಲೆಟ್ ಡೌನ್. ಅಷ್ಟಾದ ಮೇಲೆ ಆ ಪಾಠಕ್ಕೆ ಯಾರೂ ಹೆದರಲಿಲ್ಲ.

ಗೈಡಿನಲ್ಲಿ ನಾನು ಎಲ್ಲೂ ನೋಡದ ಒಂದು ನಿಯಮವನ್ನೂ ಅವರೇ ಹೇಳಿಕೊಟ್ಟರು. ‘ಟರ್ನ್ ಆಫ್ ದ ಫ್ಯಾನ್’ ಸರಿ, ‘ಟರ್ನ್ ದ ಫ್ಯಾನ್ ಆಫ್’ ಕೂಡ ಸರಿ. ಆದರೆ ಫ್ಯಾನಿನ ಜಾಗದಲ್ಲಿ ‘ಇಟ್’ ಬಂತೋ, ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ಲುಕ್ ಆಫ್ಟರ್‌ನಂಥವು ಹಾಗಲ್ಲ, ಏನು ಮಾಡಿದರೂ ಬಿಡಿಸಿಕೊಳ್ಳುವುದಿಲ್ಲ: ‘ಲುಕ್ ಆಫ್ಟರ್ ಇಟ್’ ಅಷ್ಟೇ. ‘ಕೋಪ್ ಅಪ್ ವಿತ್’ ಎಂದು ಬರೆದವರ ‘ಅಪ್’ ಮೇಲೆ ಕೆಂಪು ಶಾಯಿಯ ಕಾಟು ಖಾತ್ರಿ. ಅದು ಬರೀ ‘ಕೋಪ್ ವಿತ್’.

ಆದರೆ ಇದನ್ನೆಲ್ಲ ಬರೆಯಲು ಕೂತದ್ದು ಕಾರವಾರದ ಮೀನುಗಾರಿಕೆ ಬಂದರು ಬೈತಖೋಲಕ್ಕೆ ಹೋದ ದಿನದ ಸಲುವಾಗಿ.

ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ (ಈಗ ಅದು ಜೂನ್ 1ರಿಂದ ಜುಲೈ 31ರ ತನಕ) ಬೋಟುಗಳೆಲ್ಲ ಒಳಗೆ ಬಂದು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಮಳೆ ಹೊಳವಾಗಿದ್ದ ಒಂದು ಮಧ್ಯಾಹ್ನ ಸರ್ ಇಡೀ ಕ್ಲಾಸನ್ನು ಅಲ್ಲಿಗೆ ನಡೆಸಿಕೊಂಡು ಹೋದರು. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಮೀನುಗಾರರ ಮನೆಯ ಹುಡುಗರು ಇಂಗ್ಲಿಷ್ ಪಿರಿಯಡ್ಡಿನಲ್ಲಿ ಬಾಯಿ ಬಿಟ್ಟವರೇ ಅಲ್ಲ. ಅವತ್ತು ಮುಂದೆ ನಡೆದವರು ಅವರೇ. ಮುಂದಿನ ಬೆಂಚಿನ ನಾವು ಜಾರುವ ಕಲ್ಲಿನ ಮೇಲೆ ಚಪ್ಪಲಿ ಸಂಭಾಳಿಸಿಕೊಳ್ಳುತ್ತ ಹಿಂದೆ.

ಒಂದು ಬೋಟಿನ ಕ್ಯಾಬಿನ್ನಿಗೆ ನೀಲಿ ತಾಡಪತ್ರಿ ಕಟ್ಟಿದ್ದರು. ಅದರ ಒಂದು ಮೂಲೆಯ ಹಗ್ಗ ಬಿಚ್ಚಿಕೊಂಡು ಪಟಪಟ ಹೊಡೆದುಕೊಳ್ಳುತ್ತಿತ್ತು. ಸರ್ ಅದನ್ನೇ ತೋರಿಸಿದರು. ಹಾಯಿ ಹಡಗಿನವರ ಮಾತಿನಲ್ಲಿ ಶೀಟ್ ಎಂದರೆ ಹಾಯಿಯಲ್ಲ, ಹಾಯಿಯ ಕೆಳಮೂಲೆಯನ್ನು ಬಿಗಿಹಿಡಿಯುವ ಹಗ್ಗ. ಅಂಥ ಹಗ್ಗ ಮೂರು ಸಡಿಲಾದರೆ ಹಡಗು ತೂರಾಡುತ್ತದೆ. ಹಾಗಾಗಿ ‘ತ್ರೀ ಶೀಟ್ಸ್ ಟು ದ ವಿಂಡ್’ ಎಂದರೆ ಚೆನ್ನಾಗಿ ಕುಡಿದವನು. ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿ ಆ ತಾಡಪತ್ರಿಯನ್ನು ಧಪ್ಪೆಂದು ಕ್ಯಾಬಿನ್ನಿನ ಗೋಡೆಗೆ ಒತ್ತಿ ಹಿಡಿಯಿತು. ‘ಟೇಕನ್ ಅಬ್ಯಾಕ್!’ ಎಂದು ಸರ್ ಕೂಗಿದರು. ಎದುರುಗಾಳಿ ಹಾಯಿಯನ್ನು ಹಿಂದಕ್ಕೆ, ಕೂವೆಮರಕ್ಕೆ ಒತ್ತಿಬಿಟ್ಟರೆ ಹಡಗು ಇದ್ದಲ್ಲೇ ತಡೆದು ನಿಲ್ಲುತ್ತದೆ. ಏನೋ ಕೇಳಿ ದಂಗಾಗಿ ನಿಂತವನಿಗೆ ಇಂಗ್ಲಿಷರು ಹೇಳುವುದೂ ಅದನ್ನೇ. ‘ಬೈ ಆಂಡ್ ಲಾರ್ಜ್’ ಕೂಡ ಗಾಳಿಯ ಮಾತೇ. ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗುವುದು ಬೈ, ಅನುಕೂಲ ಗಾಳಿಯಲ್ಲಿ ಸಾಗುವುದು ಲಾರ್ಜ್. ಎರಡನ್ನೂ ಸೇರಿಸಿ ನೋಡಿದರೆ ‘ಒಟ್ಟಾರೆ’.

ಲಂಗರಿನ ಹಗ್ಗದ ಹತ್ತಿರ ಬಂದಾಗ ಪಾಠ ಸರ್ ಕೈ ತಪ್ಪಿತು. ಡೆಕ್ಕಿನ ಮೇಲೆ ಹಗ್ಗ ಸುತ್ತುವ ಗೂಟಗಳಿಗೆ ಬಿಟ್ಸ್ ಎನ್ನುತ್ತಾರೆ, ಹಗ್ಗದ ಒಳಗಡೆಯ ತುದಿಗೆ ಬಿಟರ್ ಎಂಡ್. 1627ರಲ್ಲೇ ಕ್ಯಾಪ್ಟನ್ ಜಾನ್ ಸ್ಮಿತ್ ನಾವಿಕರಿಗಾಗಿ ಅಚ್ಚು ಹಾಕಿಸಿದ ಕೈಪಿಡಿಯಲ್ಲಿ ಈ ಹೆಸರು ಬಂದಿದೆ ಎಂದು ಅವರು ಹೇಳುತ್ತಿದ್ದರು. ಹಿಂದಿನ ಬೆಂಚಿನವನೊಬ್ಬ ನಡುವೆ ಬಾಯಿ ಹಾಕಿದ. ಆಳದಲ್ಲಿ ಲಂಗರು ಬಿಡುತ್ತ ಬಿಡುತ್ತ ಆ ತುದಿ ಬಂತೆಂದರೆ ಏನಾಗುತ್ತದೆ, ಬಿರುಗಾಳಿಯಲ್ಲಿ ಅವನ ಅಪ್ಪ ಏನು ಮಾಡುತ್ತಾರೆ, ಅರ್ಧ ಕೊಂಕಣಿ ಅರ್ಧ ಕನ್ನಡದಲ್ಲಿ ಅವನು ವಿವರಿಸಿದ್ದನ್ನು ನಾವು ಬಾಯಿ ಕಳೆದುಕೊಂಡು ಕೇಳಿದೆವು. ‘ಆಮೇಲೆ ಹಗ್ಗ ಎಲ್ಲಿಂದ ಬರಬೇಕು ಸರ್?’ ಎಂದು ಮುಗಿಸಿದ. ‘ಟು ದ ಬಿಟರ್ ಎಂಡ್’, ಅಂದರೆ ಕಟ್ಟಕಡೆಯ ತನಕ, ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಟಿಪ್ಪಣಿಯನ್ನು ನಾನು ಯಾವ ನಿಘಂಟಿನಲ್ಲೂ ಓದಿಲ್ಲ. ವಾಪಸು ಬರುವಾಗ ದೇವಗಡದ ಲೈಟ್‌ಹೌಸಿನ ಆಚೆ ಒಂದು ಹಡಗು ಕಾಣುತ್ತಿತ್ತು. ದಡದಿಂದ ಕಾಣುವ ಆ ದೂರದ ಸಮುದ್ರಕ್ಕೆ ಆಫಿಂಗ್ ಎಂದು ಹೆಸರು. ಅಲ್ಲಿ ಕಂಡ ಹಡಗು ಇನ್ನೇನು ಬಂದರಿಗೆ ಬರುತ್ತದೆ. ‘ಇನ್ ದ ಆಫಿಂಗ್’ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಚಂದದ ಕಥೆಗಳನ್ನೆಲ್ಲ ನಂಬುವವರಲ್ಲ ನಮ್ಮ ಸರ್. ಸಿರಿವಂತಿಕೆಯ ಠೀವಿಗೆ ಹೇಳುವ ಪಾಶ್ ಎಂಬ ಶಬ್ದ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬುದರ ಮೊದಲಕ್ಷರಗಳಿಂದ ಆದದ್ದು, ಇಂಡಿಯಾಕ್ಕೆ ಬರುವಾಗ ಹಡಗಿನ ಎಡಬದಿ, ಮರಳುವಾಗ ಬಲಬದಿ, ಹೀಗೆ ನೆರಳಿನ ಕೋಣೆ ಹಿಡಿಯುತ್ತಿದ್ದ ಸಾಹುಕಾರರ ಟಿಕೆಟ್ಟಿನ ಮೇಲೆ ಹಾಗೆ ಮುದ್ರೆ ಒತ್ತುತ್ತಿದ್ದರು ಎಂದು ಯಾರೋ ಹೇಳಿದರು. ಅಂಥ ಟಿಕೆಟ್ ಒಂದೂ ಸಿಕ್ಕಿಲ್ಲ, ನಿಘಂಟುಕಾರರು ಒಪ್ಪಿಲ್ಲ ಎಂದು ಸರ್ ಅದನ್ನು ಅಲ್ಲಿಗೇ ತಳ್ಳಿಹಾಕಿದರು. ‘ರೇನಿಂಗ್ ಕ್ಯಾಟ್ಸ್ ಆಂಡ್ ಡಾಗ್ಸ್’ ಅನ್ನು ಮಳೆಗಾಲದ ಪ್ರಬಂಧದಲ್ಲಿ ಬರೆಯಲು ನಿಷೇಧವೇ ಇತ್ತು. ನಾಯಿ ಬೆಕ್ಕು ಯಾಕೆ ಬಂದವು ಎಂದು ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಮೇಲಾಗಿ ಕಾರವಾರದ ಜುಲೈ ಮಳೆಗೆ ಅವು ಸಾಲುವುದೂ ಇಲ್ಲ.

ಈಗ ನಾನಿರುವ ಬೆಂಗಳೂರಿನ ಆಫೀಸಿನಲ್ಲಿ ಸಮುದ್ರದ ಮಾತು ಕಡಿಮೆ, ಬೇಸ್‌ಬಾಲ್ ಹೆಚ್ಚು. ಟಚ್ ಬೇಸ್ (ಒಮ್ಮೆ ಮಾತಾಡಿಕೊಳ್ಳುವುದು), ಬಾಲ್‌ಪಾರ್ಕ್ ಫಿಗರ್ (ಅಂದಾಜು ಲೆಕ್ಕ) ಎಲ್ಲ ಅಮೆರಿಕದ ಆ ಆಟದಿಂದ ಬಂದವು. ಇಕ್ಕಟ್ಟಿನ ಸ್ಥಿತಿಗೆ ನಾನು ಕ್ರಿಕೆಟ್ಟಿನ ಸ್ಟಿಕಿ ವಿಕೆಟ್ ಎಂದರೆ ಅಮೆರಿಕದ ಕಡೆಯವರು ಸುಮ್ಮನಾಗುತ್ತಾರೆ. ಮಳೆಯಲ್ಲಿ ನೆನೆದ ಪಿಚ್ಚು ಬಿಸಿಲಿಗೆ ಒಣಗುವಾಗ ಬ್ಯಾಟ್ಸ್‌ಮನ್ನಿಗಾಗುವ ಫಜೀತಿ ಅವರಿಗೇನು ಗೊತ್ತು.

ಒಂದನ್ನು ಮಾತ್ರ ಸರ್ ಹೋರಾಡಿ ಕೈಬಿಟ್ಟರು. ಪಾಸ್ ಔಟ್ ಎಂದರೆ ನಮ್ಮ ದೇಶದಲ್ಲಿ ಓದು ಮುಗಿಸುವುದು, ಇಂಗ್ಲೆಂಡಿನಲ್ಲಿ ಮೂರ್ಛೆ ಹೋಗುವುದು. ಸೈನಿಕರಿಗೆ ಪಾಸಿಂಗ್ ಔಟ್ ಪರೇಡ್ ಇರುವಾಗ ನಮಗ್ಯಾಕೆ ಬೇಡ ಎಂದು ನಾವು ವಾದಿಸಿದ್ದೆವು. ಈ ಸಂಚಿಕೆಗಾಗಿ ಸಂಪಾದಕ ಮಂಡಳಿಯವರು ಕಳಿಸಿದ ಫಾರ್ಮಿನಲ್ಲೂ ‘ಇಯರ್ ಆಫ್ ಪಾಸಿಂಗ್ ಔಟ್’ ಎಂದೇ ಇದೆ. ವರ್ಷ ತುಂಬಿ ಕಳಿಸಿದ್ದೇನೆ. ಗಣಿತದ ಪೇಪರ್ ಕೈಗೆ ಬಂದ ಗಳಿಗೆಯಲ್ಲಿ ಇಂಗ್ಲೆಂಡಿನ ಅರ್ಥದಲ್ಲೂ ಅದು ಆಗುವುದರಲ್ಲಿತ್ತು. ಅದಕ್ಕೆ ಫಾರ್ಮಿನಲ್ಲಿ ಕಾಲಂ ಇಟ್ಟಿಲ್ಲ.