ಬೇಸ್‌ಬಾಲ್ ಗ್ರೌಂಡಲ್ಲಿ ಸಚಿನ್

ಇವತ್ತು ಹಳೇ ಫೋಟೋ ಡಿಲೀಟ್ ಮಾಡ್ತಾ ಕೂತಿದ್ದಾಗ 2015ರ ನವೆಂಬರ್ದು ಒಂದು ಸಿಕ್ತು, ನ್ಯೂಯಾರ್ಕ್‌ನ ‘ಸಿಟಿ ಫೀಲ್ಡ್’ (Citi Field) ಅನ್ನೋ ಸ್ಟೇಡಿಯಂನಲ್ಲಿ ಸಚಿನ್ ಟೀಮು, ವಾರ್ನ್ ಟೀಮು ಆಡಿದ ಮ್ಯಾಚು. ಅದು ಮೆಟ್ಸ್ ಅನ್ನೋ ನ್ಯೂಯಾರ್ಕ್ ಟೀಮಿನವರ ಬೇಸ್‌ಬಾಲ್ ಸ್ಟೇಡಿಯಂ ಕಣ್ರೀ, ವಾರದ ಕೆಳಗಷ್ಟೇ ಅಲ್ಲೇ ವರ್ಲ್ಡ್ ಸೀರೀಸ್ (ಬೇಸ್‌ಬಾಲ್ ಫೈನಲ್) ಸೋತಿದ್ರು ಪಾಪ, ಅಷ್ಟರಲ್ಲೇ ಬೇರೆ ಕಡೆ ಬೆಳೆಸಿದ ಪಿಚ್ ತಂದು ಕೂರಿಸಿ ಕ್ರಿಕೆಟ್ ಶುರು! ಆ ಗ್ರೌಂಡು ನಮ್ದರ ಥರ ಗುಂಡಗಿರಲ್ಲ, ಬೀಸಣಿಗೆ ಬಿಚ್ಚಿಟ್ಟಂಗೆ, ಅದಕ್ಕೇ ಕೆಲವು ಕಡೆ ಬೌಂಡರಿ ಇಷ್ಟೇ ಇಷ್ಟು. ಸೆಹ್ವಾಗ್‌ಗೆ ಹಬ್ಬ. ಹ್ಯೂಸ್ಟನ್, ಲಾಸ್ ಏಂಜಲೀಸ್‌ನಲ್ಲೂ ಬೇಸ್‌ಬಾಲ್ ಗ್ರೌಂಡಲ್ಲೇ ಆಡಿದ್ರು, ಮೂರೂ ಸಚಿನ್ ಟೀಮೇ ಸೋತಿದ್ದು, ಅದು ಬಿಡಿ.

ಯೋಚನೆ ಮಾಡಿದ್ರೆ ಒಂದು ಬೇಸ್‌ಬಾಲ್ ಟೀಮಿಗೆ ಸೀಸನ್‌ಗೆ ತವರಲ್ಲಿ 81 ಮ್ಯಾಚು, ಉಳಿದ ದಿನ ಅಷ್ಟು ದೊಡ್ಡ ಜಾಗ ಖಾಲಿ ಬಿಡೋಕಾಗುತ್ತಾ? 2014ರಲ್ಲಿ ಸ್ಯಾನ್ ಡಿಯಾಗೋದ ಬೇಸ್‌ಬಾಲ್ ಗ್ರೌಂಡಲ್ಲಿ ಮಣ್ಣಿನ ಕೋರ್ಟ್ ಹಾಕಿ ಡೇವಿಸ್ ಕಪ್ ಟೆನಿಸ್ ಆಡಿಸಿದ್ರು, 2016ರಲ್ಲಿ ಬಾಸ್ಟನ್‌ನ ಬೇಸ್‌ಬಾಲ್ ಗ್ರೌಂಡು ಫೆನ್‌ವೇ ಪಾರ್ಕಲ್ಲಿ ದೊಡ್ಡ ರ‍್ಯಾಂಪ್ ಕಟ್ಟಿ ಹಿಮದ ಮೇಲೆ ಸ್ಕೀಯಿಂಗು!

ಫೋಟೋದಲ್ಲಿ ಸಚಿನ್ ಕಡ್ಲೆಕಾಳಷ್ಟು ಕಾಣ್ತಾರೆ, ಮುಂದಿನ ಸೀಟ್ ಅಂಕಲ್ ತಲೆ ಮಾತ್ರ ಫುಲ್ ಕ್ಲಿಯರ್. ಡಿಲೀಟ್ ಮಾಡ್ಲಿಲ್ಲ.